ನಲವತ್ತೊಂದನೇ ಪುಟ

ಬೇರೆಯವರ ಪ್ರಬಂಧಗಳನ್ನು
ಪುಟಕ್ಕೆ ಹದಿನೈದರಂತೆ ಟೈಪು ಮಾಡಿಕೊಡುವವಳು ನಾನು.
ದಾವಣಗೆರೆ, ವಿದ್ಯಾರ್ಥಿ ಭವನದ ಹತ್ತಿರ ಒಂದು ಶಟರಿನಂಗಡಿ.
ಸಂಜೆ ಶಟರು ಅರ್ಧ ಇಳಿಸಿ ನನ್ನದನ್ನು ಬರೆದೆ.
ಮೂರು ವರ್ಷ. ಮುನ್ನೂರ ಹನ್ನೆರಡು ಪುಟ.
ಕಾದಂಬರಿ ಅಂತ ಯಾರಿಗೂ ಬಾಯಿಬಿಡಲಿಲ್ಲ;
ಫೈಲಿಗೆ ಇಟ್ಟ ಹೆಸರು 'ಕರೆಂಟ್ ಬಿಲ್ ಹಳೇದು.'

ಮೊದಲು ಓದಿದವರು ಪಿ.ಜೆ. ಬಡಾವಣೆಯ ನಿವೃತ್ತ ಪ್ರಾಂಶುಪಾಲರು.
ಒಂಬತ್ತೇ ದಿನಕ್ಕೆ ಕರೆದು, ಗೋಡಂಬಿ ಕೊಟ್ಟು,
'ಶ್ಲಾಘನೀಯ' ಅಂದರು.
ನೂರಾಹತ್ತರಿಂದ ಮುಂದಿನ ಹಾಳೆಗಳು
ಪ್ರಿಂಟರಿನಿಂದ ಬಿದ್ದಾಗ ಅಂಟಿಕೊಂಡ ಹಾಗೆಯೇ
ಅಂಟಿಕೊಂಡಿದ್ದವು.
ಗೋಡಂಬಿ ಚೆನ್ನಾಗಿತ್ತು.

ಎರಡನೆಯವರು ಚಿತ್ರದುರ್ಗದ ವಿಮರ್ಶಕರು.
ಅಂಚಿನ ತುಂಬ ಕೆಂಪು, ಯಾರೋ
ದೃಷ್ಟಿ ತೆಗೆದ ನೀರನ್ನು ನನ್ನ ಹಾಳೆಗೆ ಚೆಲ್ಲಿದ ಹಾಗೆ.
'ಅಳು ಜಾಸ್ತಿ.' 'ಇದು ಯಾರ ಮಾತು?' 'ಅನಗತ್ಯ.' 'ಅನಗತ್ಯ.'
ಬಸ್ಸಿನಲ್ಲಿ ಭರಮಸಾಗರದ ತನಕ ಮನಸ್ಸಿನಲ್ಲೇ ಜಗಳ;
ಆನಗೋಡು ಬರುವಷ್ಟರಲ್ಲಿ
ಅವರ ವಂಶವನ್ನೆಲ್ಲ ಸೋಲಿಸಿದ್ದೆ.
ಮನೆಗೆ ಬಂದು ಕಟ್ಟನ್ನು ಅಕ್ಕಿ ಡಬ್ಬದ ಕೆಳಗಿಟ್ಟೆ.
ಡಬ್ಬ ಕುಂಟುವುದು ನಿಂತಿತು.

ಖಾಸಿಂಸಾಬರ ಹತ್ತಿರ ಕಳಿಸಿದ್ದು ಮಂಡಿಪೇಟೆಯ ಪ್ರೆಸ್ಸಿನವರು.
ಲಗ್ನಪತ್ರಿಕೆಗಳ ಕರಡು ಓದುತ್ತಾರೆ.
ಮಿಲ್ಲಿನಲ್ಲಿದ್ದಾಗ ಅವರದು ಫೋಲ್ಡಿಂಗ್ ಖಾತೆ:
ಬಟ್ಟೆಯನ್ನು ಬೆಳಕಿಗೆ ಎಳೆದು ನೋಡಿ
ಎಳೆ ಬಿಟ್ಟಲ್ಲಿ ನೀಲಿ ಸೀಮೆಸುಣ್ಣದ ಗೀಟು.
ಮಿಲ್ಲು ಮುಚ್ಚಿತು, ಕಣ್ಣು ಮುಚ್ಚಲಿಲ್ಲ ಅನ್ನುತ್ತಾರೆ.
'ಪುಟಕ್ಕ ನಾಕು ರೂಪಾಯಿ.
ಲಗ್ನಕ್ಕೂ ಅಷ್ಟ, ಕತಿಗೂ ಅಷ್ಟ.'

ಎರಡು ತಿಂಗಳು ಇಟ್ಟುಕೊಂಡರು.
ಹೋದಾಗ ಅವರ ಕಿಟಕಿಯಲ್ಲಿ ಮಂಡಕ್ಕಿ ಭಟ್ಟಿಯ ಹೊಗೆ.
ಹಾಳೆಗಳ ಮೇಲೆ ಒಂದೂ ಗೀಟಿಲ್ಲ. ನನಗೆ ಸಿಟ್ಟೇ ಬಂತು,
ಕೆಂಪಿದ್ದರೂ ಸಿಟ್ಟು, ಇಲ್ಲದಿದ್ದರೂ.
ನಲವತ್ತೊಂದನ್ನು ಎಳೆದು ಕಿಟಕಿಗೆ ಹಿಡಿದರು.

'ಇಲ್ಲಿ ಅವ್ವ ಸತ್ತಳು. ಸರಿ.
ನಲವತ್ತೆರಡಕ್ಕ ಹರಿಹರದ ಹೊಳಿ ಬಂತು,
ಹೊಳಿ ಮ್ಯಾಲೆ ಬೆಳದಿಂಗಳು ಬಂತು, ಕೊಕ್ಕರಿ ಬಂತು.
ಆ ರಾತ್ರಿ ಆ ಹುಡುಗಿ ಏನ್ ಉಂಡಳು, ತಂಗೀ?'

ಸುಮ್ಮನಿದ್ದೆ.

'ಗೊತ್ತಿಲ್ಲಂದ್ರ ಬಿಡು.
ಗೊತ್ತಿದ್ದು ಬಿಟ್ಟೀಯೇನೋ ಅಂತ ಕೇಳಿದೆ.'

ಕೊಕ್ಕರೆಯ ಪರವಾಗಿ ಒಂದು ತಾಸು ವಾದಿಸಿದೆ.
ಅದರ ಕಾಲು, ಅದರ ಮೌನ, ಅದರ ಸಂಕೇತ.
ಪ್ರಬಂಧಗಳಲ್ಲಿ ಟೈಪು ಮಾಡಿದ ಮಾತೆಲ್ಲ ಬಂತು.
ಅವರು ಚಹಾ ಆರಿಸುತ್ತ ಕೇಳಿಸಿಕೊಂಡರು.
'ಇರ್ಲಿ ಬಿಡು. ನಿನ್ನ ಹಕ್ಕಿ.
ಆದ್ರ ಸಾಲಿನ್ಯಾಗ ಹಿಂದ ನಿಲ್ಲಲಿ.'

ಮನೆಗೆ ಬಂದು ಅಕ್ಕಿ ಡಬ್ಬ ಸರಿಸಿದೆ.
ಕೆಂಪು ಪ್ರತಿಯ ನಲವತ್ತೊಂದರಲ್ಲಿ, ಕೊನೆಯ ಸಾಲಿನ ಪಕ್ಕ,
'ಅನಗತ್ಯ' ಇರಲಿಲ್ಲ.
ಪೆನ್ಸಿಲಿನ ಸಣ್ಣದೊಂದು ಪ್ರಶ್ನಾರ್ಥಕ,
ಬರೆದು, ಅಳಿಸಿ, ಮತ್ತೆ ಬರೆದದ್ದು.
ಬಸ್ಸಿನಲ್ಲಿ ನಾನು ಸೋಲಿಸಿದವರೊಳಗೆ
ಇದನ್ನು ಅಳಿಸಿದ ಕೈಯೂ ಇತ್ತು.
ಫೋನು ಮಾಡಬೇಕು. ಇನ್ನೂ ಮಾಡಿಲ್ಲ.

ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದಂತೆ.
ಹಚ್ಚಿದ್ದೆ.
ಹನ್ನೊಂದು ವರ್ಷ ನನಗೆ. ಹೊರಗೆ ಗಂಡಸರು ಬಿದಿರು ಕಟ್ಟುತ್ತಿದ್ದರು.
ಅವ್ವ ಬೆಳಗ್ಗೆ ಬೀಸಿಟ್ಟ ಹಿಟ್ಟು ಡಬ್ಬದಲ್ಲಿ,
ಅವಳ ಬೆರಳಿನ ಗುಳಿ ಹಿಟ್ಟಿನಲ್ಲಿ ಹಾಗೇ,
ರೊಟ್ಟಿ ತಟ್ಟಲು ಬರುತ್ತಿರಲಿಲ್ಲ, ಮುದ್ದೆಯೂ ಅಲ್ಲದ
ಅಂಬಲಿಯೂ ಅಲ್ಲದ ಒಂದು—

ಇಷ್ಟಾಗಿದೆ. ಗೀಟು ಮಿನುಗುತ್ತಿದೆ.
ಶಟರಿನ ಕೆಳಗೆ ಬಗ್ಗಿ ಒಬ್ಬ ಹುಡುಗ:
'ಅಕ್ಕಾ, ಆಧಾರ್ ಜೆರಾಕ್ಸು. ಎರಡೂ ಕಡಿ, ಒಂದ ಹಾಳ್ಯಾಗ.'
ನಿಲ್ಲಪ್ಪಾ, ಅಂದೆ,
ಮಷೀನು ಬಿಸಿಯಾಗಲಿ.