ಕೊಸರಿನ ಕಾಲಂ

ಬೈತಖೋಲ ಬಂದರಿನ ಚಾ ಅಂಗಡಿ, ಬೆಳಗಿನ ಐದೂವರೆ.
ಲೆಕ್ಕದ ಪುಸ್ತಕದ ಬೆನ್ನಿಗೆ ನಾಲ್ಕು ಚೌಕ ಗೀಚಿದ್ದೇನೆ:
ಬೋಟು, ಬುಟ್ಟಿ, ಟೆಂಪೊ, ಗಿರಾಕಿ.
ನಡುವೆ ಬಾಣಗಳು. ಮೇಲೆ ದುಡ್ಡು ಹೋಗುವ ದಾರಿ,
ಕೆಳಗೆ ಮೀನು ಬರುವ ದಾರಿ.
ಸೊಸೈಟಿಯವರಿಗೆ ಆ್ಯಪು ಬೇಕಂತೆ,
ಆಗಸ್ಟಿನಲ್ಲಿ ಮತ್ತೆ ಬೋಟು ಇಳಿಯುವುದರೊಳಗೆ.

ಶೇವಂತಿ ತಾಂಡೇಲ ಐಸಿನ ಪೆಟ್ಟಿಗೆಯ ಮೇಲಿಂದ ಇಣುಕಿದಳು.
"ಇದರಲ್ಲಿ ನಾ ಎಲ್ಲಿ?"
ಎರಡನೆಯ ಚೌಕ ತೋರಿಸಿದೆ.
"ಇಷ್ಟು ಸಣ್ಣದಾ?"
ಹೊಡೆದುಹಾಕಿ ದೊಡ್ಡದು ಬರೆದೆ.

ನನ್ನ ಕಷ್ಟ ಹೇಳಿಕೊಂಡೆ:
ಮಾರುವವರಿಲ್ಲದೆ ಕೊಳ್ಳುವವರು ಬರುವುದಿಲ್ಲ,
ಕೊಳ್ಳುವವರಿಲ್ಲದೆ ಮಾರುವವರು.
ಎರಡೂ ದಡದಿಂದ ಒಟ್ಟಿಗೇ ಕಟ್ಟಬೇಕು, ನಡುವೆ ಕಾಳಿ ಹೊಳೆ.
ಅವಳು ಎಲೆಯಡಿಕೆ ಉಗಿದು ನಕ್ಕಳು.
"ಕಾಜುಬಾಗದ ಮೂಲೆಯಲ್ಲಿ ನಾ ಮೊದಲು ಕೂತಾಗ
ಮೂರು ದಿನ ಒಬ್ಬರೂ ಇಲ್ಲ.
ನಾಲ್ಕನೇ ದಿನ ಬೆಕ್ಕು ಬಂತು.
ಬೆಕ್ಕಿನ ಹಿಂದೆ ಗಿರಾಕಿ."
ಬರೆದುಕೊಂಡೆ: ಮೊದಲು ಬೆಕ್ಕು.

ಒಂದೇ ಇಸವಾಣವನ್ನು ಇಬ್ಬರು ಒಂದೇ ಕ್ಷಣ ಒತ್ತಿದರೆ?
ರಾತ್ರಿಯೆಲ್ಲ ಬೀಗದ ಲೆಕ್ಕ ಹಾಕಿದ್ದೆ,
ಎಷ್ಟು ಸೆಕೆಂಡು ಹಿಡಿಯಬೇಕು, ಯಾವಾಗ ಬಿಡಬೇಕು.
ಅವಳು ಮೀನಿನ ಮೇಲೆ ಅಂಗೈ ಇಟ್ಟಳು. ಅಷ್ಟೆ.
ದುಡ್ಡು ಬರುವವರೆಗೆ ಕೈ ಅಲ್ಲೇ,
ಇಲ್ಲವೇ ಬೆರಳು ಮರಗಟ್ಟುವವರೆಗೆ.
"ಅಷ್ಟರೊಳಗೆ ಕೊಡದಿದ್ದವ ಕೊಡೂದಿಲ್ಲ."

ಟೆಂಪೊದ ರೋಹಿದಾಸ ಹಾರ್ನು ಹಾಕಿ ಕೂಗಿದ:
ನನ್ನ ಬಾಣ ಅಂಕೋಲೆಗೇ ನಿಂತಿದೆ, ಕುಮಟಾವರೆಗೆ ಎಳೀರಿ.
ಐಸು ಫ್ಯಾಕ್ಟರಿಯ ಕಾಸೀಮ್ ಸಾಬರು ಏನೂ ಕೇಳಲಿಲ್ಲ.
ಅವರ ಚೌಕವನ್ನೇ ನಾನು ಬರೆದಿಲ್ಲ.
ಎಲ್ಲ ಚೌಕದ ಅಡಿಯಲ್ಲೂ
ಹನಿಹನಿಯಾಗಿ ಸೋರುತ್ತಿರುವುದು ಅವರೇ.

ಬಿಸಿಲೇರಿತು. ನಕ್ಷೆ ಮುಗಿಯಿತು ಅಂದುಕೊಂಡೆ.
ಆಗ ಶೇವಂತಿ ಬಂಗಡೆ ಎಣಿಸಿದಳು, ಹನ್ನೆರಡು,
ಎದುರಿನ ಮುದುಕಿಯ ಮುಖ ನೋಡಿದಳು,
ಇನ್ನೊಂದು ಎತ್ತಿ ಹಾಕಿದಳು.
ಕೊಸರು.

ನನ್ನ ಕೋಷ್ಟಕದಲ್ಲಿ ಬೆಲೆಯಿದೆ, ತೂಕವಿದೆ, ಐದು ನಕ್ಷತ್ರವಿದೆ,
ಜಗಳ ಬಂದರೆ ದುಡ್ಡು ಯಾರ ಕೈಯಲ್ಲಿರಬೇಕು ಎಂಬುದೂ ಇದೆ.
ಈ ಹದಿಮೂರನೆಯ ಬಂಗಡೆ ಎಲ್ಲಿ?
ಅಂಚಿನಲ್ಲೊಂದು ಹೊಸ ಕಾಲಂ ಎಳೆಯಹೋದೆ.
"ಬರೀಬೇಡ," ಅಂದಳು,
"ಬರೆದರೆ ಅದು ಸಾಲ ಆಗ್ತದೆ."

ಗೆರೆ ಅರ್ಧಕ್ಕೇ ನಿಂತಿದೆ.
ಪುಸ್ತಕದ ಮೇಲೆ ಮೀನಿನ ಹುರುಪೆಯೊಂದು ಅಂಟಿ ಒಣಗಿದೆ,
ಬುಟ್ಟಿಗೂ ಗಿರಾಕಿಗೂ ನಡುವಿನ ಬಾಣದ ಮೇಲೆ.
ನಾಳೆ ಸೊಸೈಟಿಯಲ್ಲಿ ತೋರಿಸಬೇಕು.
ಬೆಕ್ಕಿಗೂ ಒಂದು ಲಾಗಿನ್ ಕೊಡುವುದೋ ಬೇಡವೋ
ಇನ್ನೂ ತೀರ್ಮಾನವಾಗಿಲ್ಲ.