ಇನ್ನೂರಾ ಹನ್ನೆರಡನೇ ಗುಂಡಿ

ಬೀಳಗಿ ರೇಂಜ್ ಆಫೀಸಿನಲ್ಲಿ ನನ್ನದು ರಸೀದಿಯ ಮೇಜು.
ಗಾಳಿಕಂಬದ ಕಂಪನಿಯ ಫಾರ್ಮು ಬಂದ ದಿನ
ಕರೆಂಟಿರಲಿಲ್ಲ.

ಕಲಂ ಏಳು, ಮರಗಳ ಸಂಖ್ಯೆ:
ಸೊನ್ನೆ ಎಂದು ಬರೆದಿದ್ದರು. ಸುಳ್ಳಲ್ಲ.
ಆ ದಿನ್ನೆಯ ಮೇಲೆ ಮೊಣಕಾಲೆತ್ತರ ಹುಲ್ಲು,
ನಡುನಡುವೆ ಬಾರಿಕಂಟಿ, ಕೆಂಪು ಗರಸು, ಅಷ್ಟೇ.
ಕಲಂ ಎಂಟು, ಭೂಮಿಯ ಬಗೆ: ಪಡ.
ಪಡ ಅಂದಮೇಲೆ ರೇಟು ಕಡಿಮೆ.
ಚಿಗರಿಗೆ ಕಲಮಿಲ್ಲ. ತೋಳ, ‘ಇತರೆ’ಯಲ್ಲಿ.

ಹೆಕ್ಟೇರಿಗಿಷ್ಟೆಂದು ಗುಣಿಸಿ ರಸೀದಿ ಹರಿದು ಕೊಟ್ಟೆ.
ಕಂಪನಿಯ ಹುಡುಗ ಹಣೆ ಒರೆಸಿಕೊಂಡು
“ಮುಗೀತಲ್ರೀ ಮೇಡಂ?” ಅಂದ.
ಮುಗೀತು, ಅಂದೆ. ಅವನದು ಮುಗಿದಿತ್ತು.

ದುಡ್ಡು ಬೆಂಗಳೂರು ದಾಟಿ ದಿಲ್ಲಿಗೆ ಹೋಗಿ
ಎರಡು ಮಳೆಗಾಲ ಅಲ್ಲಿದ್ದು
ಸೊರಗಿ ಬಂತು. ಜೊತೆಗೊಂದು ಆದೇಶ:
ನಷ್ಟ ತುಂಬಿರಿ, ಸಸಿ ನೆಡಿರಿ.
ಎಲ್ಲಿ? ಹಳ್ಳದ ಆಚೆ, ಉಳಿದಷ್ಟು ಹುಲ್ಲಿನಲ್ಲಿ.

ನಮ್ಮ ದಿನಗೂಲಿ ವಾಚರ್ ರಾಜೇಸಾಬ
ಟೋಪಿ ಕಂಕುಳಲ್ಲಿಟ್ಟು ಸಾಹೇಬರಿಗೆ ಹೇಳಿದ:
“ಚಿಗರಿ ಮರಿ ಹಾಕೋ ಜಾಗಾರೀ ಅದು.
ಬಯಲಿದ್ರನ ತೋಳ ಬರೋದು ಅದಕ್ಕ ಕಾಣ್ತೈತಿ.”
ಸಾಹೇಬರು ನಕ್ಷೆ ನೋಡಿದರು.
ನಕ್ಷೆಯಲ್ಲಿ ಅಲ್ಲಿ ಏನೂ ಇರಲಿಲ್ಲ.

ಸುಣ್ಣದ ಚುಕ್ಕಿ ಬಿತ್ತು. ಚುಕ್ಕಿಗೊಂದು ಗುಂಡಿ,
ಗುಂಡಿಗೊಂದು ಬೇವು, ಜಾಲಿ, ಮತ್ತೂ ಜಾಲಿ.
ಐದುನೂರು ಆಗಬೇಕಾದಲ್ಲಿ
ನಾನೂರಾ ತೊಂಬತ್ತೊಂಬತ್ತು.

ಆಡಿಟ್‌ನವರಿಗೆ ಬೇಕಾದದ್ದು ಆ ಒಂದು.
ರಾಜೇಸಾಬ ಬಾಗಿಲ ಚೌಕಟ್ಟಿಗೆ ಹೇಳುವವನ ಹಾಗೆ ಹೇಳಿದ:
“ಚುಕ್ಕಿ ಮ್ಯಾಲೇ ಟಿಟ್ಟಿಭ ಕುಂತಿತ್ತರೀ.
ನಾಕು ತತ್ತಿ. ಹಾರಿ ಹಾರಿ ತಲಿಗೆ ಬಂತು.
ಬಿಟ್ಟೆ.”

ಗುಂಡಿ ನಂಬರ್ ಇನ್ನೂರಾ ಹನ್ನೆರಡು, ಬಾಕಿ.
ಸಸಿಯ ಬೆಲೆ, ಅಗೆತದ ಕೂಲಿ, ಮೂರು ಬೇಸಿಗೆಯ ನೀರು,
ಕೂಡಿಸಿದರೆ ನೂರಾ ನಲವತ್ತು.
ವಸೂಲಿ: ವಾಚರನಿಂದ.

ಅವನು ನೋಟು ಎಣಿಸಿದ. ಒಂದರ ಮೂಲೆ ಹರಿದಿತ್ತು.
ರಸೀದಿ ಬುಕ್ಕು ಅದೇ, ಕಂಪನಿಗೆ ಹರಿದು ಕೊಟ್ಟದ್ದೇ.
‘ಬಾಬ್ತು’ ಎಂಬಲ್ಲಿ ಪೆನ್ನು ನಿಂತಿತು.
“ಏನಂತ ಬರೀಲಿ?”
“ನೀವ ಬರೀರಿ. ತತ್ತಿ ಅಂತ ಬರದರ
ಅವರು ಒಪ್ಪಂಗಿಲ್ಲ.”

ಎಲ್ಲಾ ಮರಿ ಆದವಾ? ಕೇಳಿದೆ.
“ಮೂರು ಎದ್ದುವರೀ. ಒಂದು ಉಡ ತಿಂತು.
ಅದರ ಪಾಲು ಅದಕ್ಕ.”

ಅವನು ಹೋದಮೇಲೆ ನೋಡಿದರೆ
ಕಾರ್ಬನ್ನು ಜಾರಿತ್ತು.
ನಕಲು ಪ್ರತಿಯಲ್ಲಿ ಅವನ ಹೆಸರಷ್ಟೇ,
ಮೊತ್ತ ಮೂಡಿರಲಿಲ್ಲ.