ಬೆಲೆ ಬರೆಯದ ಬಿಲ್ಲೆ

ಬಿಸ್ಕತ್ತಿನ ಡಬ್ಬಿ ಬೋರಲು ಹಾಕಿದಾಗ
ಉರುಳಿ ಬಂದವು ರಾಜರ ಮುಖಗಳು, ಸತ್ತ ಫ್ರಾಂಕುಗಳು.
ಒಂದು ಮಾತ್ರ ಉರುಳಲಿಲ್ಲ,
ಠಣ್ಣೆನ್ನದೆ ಸಪ್ಪಗೆ ಕೂತಿತು.

"ಅಂಕಿ ಹುಡುಕು ಮೊದಲು," ಅಂದ ಓಡೀಲ್,
ಕೋರ್ಟ್ರೈಕ್ ಸಂತೆಯಲ್ಲಿ ನಲವತ್ತು ವರ್ಷದಿಂದ ಹಳೆ ದುಡ್ಡು ಮಾರುವವ.
"ಬೆಲೆ ಇಲ್ಲ ಅಂದರೆ ನಾಣ್ಯ ಅಲ್ಲ,
ಯಾರೋ ಏನನ್ನೋ ಮರೆಯದಿರಲೆಂದು ಒತ್ತಿಸಿದ್ದು."

ಏನನ್ನು?

ಅಯಸ್ಕಾಂತ ಮುಟ್ಟಿಸಿದ: ಅಂಟಲಿಲ್ಲ.
ತೂಗಿದ: ಹದಿನೆಂಟು ಗ್ರಾಂ.
ನೆತ್ತಿಯಲ್ಲಿದ್ದ ಕೊಂಡಿಯನ್ನು ಯಾರೋ ಅರದಲ್ಲಿ ಉಜ್ಜಿ ತೆಗೆದಿದ್ದರು.
ಮುಂಬದಿಗೆ ರೆಕ್ಕೆ ಬಿಚ್ಚಿದ ಹಕ್ಕಿ.
ಪವಿತ್ರಾತ್ಮ ಇರಬೇಕು, ಅಂದೆ,
ಮೊದಲ ಪರಮಪ್ರಸಾದದ ಪದಕ.
ಓಡೀಲ್ ಭೂತಗನ್ನಡಿ ನನ್ನ ಕೈಗಿತ್ತ:
"ಪವಿತ್ರಾತ್ಮನ ಕಾಲಿಗೆ ಬಳೆ ತೊಡಿಸುವವರುಂಟೆ?"

ಹೌದು, ಕೂದಲೆಳೆಯಂಥ ಬಳೆ.
ಪಂದ್ಯದ ಪಾರಿವಾಳ.
ಹಿಂಬದಿ ಒರೆಸಿದಷ್ಟೂ ಅಕ್ಷರ ಮೇಲೆದ್ದವು:
ಬೋರ್ದೋ. ಜುಲೈ, ಮೂವತ್ತಾರು. ಬಿರುಗಾಳಿ.
ಹೊರಟವು ನಾನೂರ ಹನ್ನೆರಡು.
ಬಂದವು ಒಂಬತ್ತು.

ರೆಮಿ ಚಿಕ್ಕಪ್ಪ ನಾರಗಸೆ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದ.
ಪಾರಿವಾಳದ ಮಾತು ಅವನ ಬಾಯಲ್ಲಿ ಕೇಳಿದ್ದಿಲ್ಲ.
ಅವನ ಅಟ್ಟದ ಕಿಟಕಿ ಮಾತ್ರ
ಹಿಮ ಬೀಳುವಾಗಲೂ ಒಂದು ಗೇಣು ತೆರೆದೇ ಇರುತ್ತಿತ್ತು.
ಅಮ್ಮ ಕಲ್ಲಿದ್ದಲ ಲೆಕ್ಕ ಹೇಳಿ ಬೈಯುತ್ತಿದ್ದಳು,
ಅವನು ಸೂಪು ಕುಡಿಯುತ್ತಿದ್ದ.
ಗಾಳಿಗೆ ಅಂತ ನಾವಂದುಕೊಂಡಿದ್ದೆವು,
ಎದೆ ಸರಿಯಿರಲಿಲ್ಲವಲ್ಲ.

"ಎರಡು ಯೂರೋ ಕೊಡುತ್ತೇನೆ," ಅಂದ ಓಡೀಲ್.
"ಕೊಂಡಿ ಇದ್ದಿದ್ದರೆ ಐದು."
ಫ್ರಾಂಕುಗಳನ್ನೆಲ್ಲ ಅವನತ್ತ ತಳ್ಳಿದೆ.